ಹಾಲಿನ ಕ್ಯಾನು ಏನು ಹೇಳುತ್ತದೆ, ಏನು ಹೇಳುವುದಿಲ್ಲ: ಕಂದು ರೋಗದ ಹಾಲು ಪರೀಕ್ಷೆಯನ್ನು ಎಷ್ಟು ನಂಬಬಹುದು

ಡೈರಿಯ ಮೆಷಿನ್ನಿನಲ್ಲಿ ಫ್ಯಾಟು 4.1, ಎಸ್‌ಎನ್‌ಎಫ್ (ಜಿಡ್ಡಲ್ಲದ ಘನಾಂಶ) 8.5 ಬಂದರೆ ಹಾಲು ಚೆನ್ನಾಗಿದೆ ಎಂದೇ ನಮ್ಮ ಹಳ್ಳಿಗಳಲ್ಲಿ ಅರ್ಥ. ಚೀಟಿ ಕೈಗೆ ಬರುತ್ತದೆ, ಹಾಲು ಕ್ಯಾನಿಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಏಳು ತಿಂಗಳ ಗಬ್ಬದ ಹಸು ಕಂದು ಹಾಕಿದ (ಗರ್ಭಪಾತವಾದ) ಮನೆಯವರೂ ಪಶುವೈದ್ಯರ ಹತ್ತಿರ ಇದನ್ನೇ ಹೇಳುತ್ತಾರೆ: “ಹಾಲು ದಿನಾ ಡೈರೀಲಿ ಟೆಸ್ಟ್ ಆಗುತ್ತಲ್ಲ ಸಾರ್, ರೋಗ ಇದ್ದಿದ್ರೆ ಅಲ್ಲೇ ಗೊತ್ತಾಗ್ತಿರಲಿಲ್ವಾ?”

ಗೊತ್ತಾಗುವುದಿಲ್ಲ. ಲ್ಯಾಕ್ಟೋಮೀಟರು ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುತ್ತದೆ. ಗರ್ಬರ್ ಪರೀಕ್ಷೆ ಜಿಡ್ಡು ಅಳೆಯುತ್ತದೆ. ಕಾಯಿಸಿ ನೋಡುವ ಪರೀಕ್ಷೆಯಲ್ಲಿ ಹಾಲು ಒಡೆಯುತ್ತದೋ ಇಲ್ಲವೋ ತಿಳಿಯುತ್ತದೆ. ಮೆಥಿಲೀನ್ ಬ್ಲೂ ಹಾಕಿ ಕಾಯುವ ಪರೀಕ್ಷೆಯಿಂದ ಹಾಲಿನಲ್ಲಿ ಒಟ್ಟಾರೆ ಎಷ್ಟು ಬ್ಯಾಕ್ಟೀರಿಯಾ ಬೆಳೆದಿದೆ ಎಂಬ ಅಂದಾಜು ಸಿಗುತ್ತದೆ. ಇವೆಲ್ಲ ಹಾಲಿನ ಗುಣಮಟ್ಟದ ಪರೀಕ್ಷೆಗಳು. ಹಸುವಿನ ಕೆಚ್ಚಲಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕುಳಿತಿರುವ ಬ್ರುಸೆಲ್ಲಾ ಬ್ಯಾಕ್ಟೀರಿಯಾ ಇವುಗಳ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೆ ಬೇರೆಯೇ ಹಾಲು ಪರೀಕ್ಷೆಗಳಿವೆ. ಅವು ಅಗ್ಗ, ಸುಲಭ, ಹಸುವಿಗೆ ಸೂಜಿ ಚುಚ್ಚುವ ಗೊಡವೆಯೂ ಇಲ್ಲ. ಆದರೆ ಅವುಗಳ ಉತ್ತರವನ್ನು ಎಷ್ಟು ನಂಬಬೇಕು, ಯಾವ ಪ್ರಶ್ನೆಗೆ ನಂಬಬೇಕು ಎಂಬುದರಲ್ಲಿ ಬಹಳ ಗೊಂದಲವಿದೆ.

ಮೊದಲು ರೋಗದ ವಿಷಯ ಚುಟುಕಾಗಿ. ನಮ್ಮವರು ಕಂದು ರೋಗ ಎನ್ನುವ ಬ್ರುಸೆಲ್ಲೋಸಿಸ್, ದನಗಳಲ್ಲಿ ಹೆಚ್ಚಾಗಿ ಬ್ರುಸೆಲ್ಲಾ ಅಬಾರ್ಟಸ್ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ. ಐದು ತಿಂಗಳು ದಾಟಿದ ಗಬ್ಬದಲ್ಲಿ ಕಂದು ಬೀಳುತ್ತದೆ, ಕಸ (ಮಾಸು) ಸರಿಯಾಗಿ ಬೀಳದೆ ಒಳಗೇ ಉಳಿಯುತ್ತದೆ, ಆಮೇಲೆ ಹಸು ಗಬ್ಬ ನಿಲ್ಲಲು ಸತಾಯಿಸುತ್ತದೆ. ಮೋಸ ಇರುವುದು ಮುಂದಿನ ಹಂತದಲ್ಲಿ. ಒಮ್ಮೆ ಕಂದು ಹಾಕಿದ ಹಸು ಮುಂದಿನ ಸಲ ಬಹುಮಟ್ಟಿಗೆ ದಿನ ತುಂಬಿಯೇ ಕರು ಹಾಕುತ್ತದೆ. ಮೇವು ತಿನ್ನುತ್ತದೆ, ಹಾಲು ಕೊಡುತ್ತದೆ, ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ರೋಗ ಮಾತ್ರ ಕೆಚ್ಚಲಿನಲ್ಲೂ ಅದರ ಮೇಲ್ಭಾಗದ ದುಗ್ಧರಸ ಗ್ರಂಥಿಗಳಲ್ಲೂ ಮನೆ ಮಾಡಿರುತ್ತದೆ. ಸಾಮಾನ್ಯವಾಗಿ ಜೀವನಪೂರ್ತಿ ಹೋಗುವುದಿಲ್ಲ.

ಮನುಷ್ಯರಿಗೆ ಇದು ಹಸಿ ಹಾಲಿನಿಂದ ಬರುತ್ತದೆ. ಬರಿಗೈಯಲ್ಲಿ ಕಂದು, ಕಸ ಎತ್ತುವುದರಿಂದ ಇನ್ನೂ ಸುಲಭವಾಗಿ ಬರುತ್ತದೆ. ಬಂದು ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲು ನೋವು, ಗಂಡಸರಲ್ಲಿ ವೃಷಣದ ಊತ. ಟೈಫಾಯಿಡ್ ಎಂದೋ ಮಲೇರಿಯಾ ಎಂದೋ ತಿಂಗಳುಗಟ್ಟಲೆ ಅಲೆದವರಿದ್ದಾರೆ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಈ ಜ್ವರದಿಂದ ಸತ್ತ ಸೈನಿಕರ ಗುಲ್ಮದಲ್ಲಿ ಡೇವಿಡ್ ಬ್ರೂಸ್ ಎಂಬ ವೈದ್ಯರು ಬ್ಯಾಕ್ಟೀರಿಯಾ ಕಂಡರು. ಅದು ಅಲ್ಲಿನ ಮೇಕೆಗಳಿಂದ ಬರುತ್ತದೆ ಎಂದು 1905ರಲ್ಲಿ ಥೆಮಿಸ್ಟೋಕ್ಲಿಸ್ ಜಮಿಟ್ ತೋರಿಸಿದರು. ದನಗಳು ಕಂದು ಹಾಕುವುದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಡೆನ್ಮಾರ್ಕ್‌ನ ಬರ್ನ್‌ಹಾರ್ಡ್ ಬಾಂಗ್ ಬೇರೆಯಾಗಿ ಕಂಡುಹಿಡಿದಿದ್ದರು. ಇವೆರಡೂ ಹತ್ತಿರದ ಸಂಬಂಧಿಗಳು, ಹಸಿ ಹಾಲು ಕುಡಿಯುವುದು ಅಪಾಯ ಎಂದು 1918ರ ಹೊತ್ತಿಗೆ ಹೇಳಿದ್ದು ಅಮೆರಿಕದ ಆಲಿಸ್ ಇವಾನ್ಸ್. ದೊಡ್ಡ ದೊಡ್ಡವರು ಆಕೆಯ ಮಾತನ್ನು ಬಹಳ ವರ್ಷ ಒಪ್ಪಲಿಲ್ಲ.

ಒಂದು ಭಯವನ್ನು ಇಲ್ಲೇ ಬಿಡಿಸಿಬಿಡಬೇಕು. 72 ಡಿಗ್ರಿಯಲ್ಲಿ 15 ಸೆಕೆಂಡು ಇಟ್ಟು ಪಾಶ್ಚರೀಕರಿಸಿದ ಹಾಲಿನಲ್ಲಿ ಬ್ರುಸೆಲ್ಲಾ ಉಳಿಯುವುದಿಲ್ಲ. ಮನೆಯಲ್ಲಿ ಉಕ್ಕಿಸಿದ ಹಾಲಿನಲ್ಲೂ ಉಳಿಯುವುದಿಲ್ಲ. ಪ್ಯಾಕೆಟ್ ಹಾಲು ಕೊಳ್ಳುವ ಪೇಟೆಯವರಿಗೆ ಇದರಿಂದ ತೊಂದರೆಯಿಲ್ಲ. ತೊಂದರೆ ಇರುವುದು ದನ ಸಾಕುವ ಮನೆಯವರಿಗೆ, ಅವರ ಕೊಟ್ಟಿಗೆಗೆ, ಹೆರಿಗೆ ಮಾಡಿಸಲು ಹೋಗುವ ಪಶುವೈದ್ಯರಿಗೆ ಮತ್ತು ಅವರ ಸಹಾಯಕರಿಗೆ.

ಈಗ ಪರೀಕ್ಷೆಗೆ ಬರೋಣ. ಹಾಲಿನಲ್ಲಿ ಬ್ರುಸೆಲ್ಲಾ ಹುಡುಕುವ ಅತ್ಯಂತ ಹಳೆಯ, ಇವತ್ತಿಗೂ ಬಳಕೆಯಲ್ಲಿರುವ ಪರೀಕ್ಷೆ ಮಿಲ್ಕ್ ರಿಂಗ್ ಟೆಸ್ಟ್, ಅಂದರೆ ಹಾಲಿನ ಉಂಗುರ ಪರೀಕ್ಷೆ. 1937ರಲ್ಲಿ ಜರ್ಮನಿಯ ಫ್ಲೈಶ್‌ಹೌವರ್ ಇದನ್ನು ಹೊರತಂದರು. ಮಾಡುವುದನ್ನು ಹತ್ತಿರ ನಿಂತು ನೋಡಿದರೆ ಅದರ ಬಲವೂ ದೌರ್ಬಲ್ಯವೂ ಅಲ್ಲೇ ಕಾಣುತ್ತವೆ.

ತೆಳ್ಳನೆಯ ಗಾಜಿನ ಕೊಳವೆಗೆ 1 ಮಿಲಿ ಹಾಲು ಹಾಕುತ್ತಾರೆ. ಕೊಳವೆಯಲ್ಲಿ ಹಾಲಿನ ಎತ್ತರ ಕನಿಷ್ಠ 25 ಮಿಲಿಮೀಟರು ಇರಬೇಕು. ಕೊಳವೆ ಅಗಲವಾದರೆ ಕೆನೆ ತೆಳ್ಳಗೆ ಹರಡಿ ಬಣ್ಣ ತಿಳಿಯುವುದಿಲ್ಲ. ಅದಕ್ಕೆ 0.03ರಿಂದ 0.05 ಮಿಲಿ, ಒಂದು ಹನಿಯಷ್ಟು, ಗಾಢ ನೀಲಿ ದ್ರವ ಬಿಡುತ್ತಾರೆ. ಆ ನೀಲಿ ದ್ರವದಲ್ಲಿರುವುದು ಸಾಯಿಸಿ, ಹೆಮಟಾಕ್ಸಿಲಿನ್ ಎಂಬ ಬಣ್ಣ ಹಿಡಿಸಿದ ಬ್ರುಸೆಲ್ಲಾ ಬ್ಯಾಕ್ಟೀರಿಯಾಗಳು. ಕೊಳವೆಯನ್ನು ಮೆಲ್ಲಗೆ ಮಗುಚಿ ಬೆರೆಸಿದಾಗ ಹಾಲೆಲ್ಲ ತಿಳಿನೀಲಿಯಾಗುತ್ತದೆ. 37 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಹಾಗೇ ಬಿಡುತ್ತಾರೆ. ಆ ಒಂದು ಗಂಟೆಯಲ್ಲಿ ಕೆನೆ ಮೇಲೆ ಬರುತ್ತದೆ. ಕೆನೆ ಬೆಳ್ಳಗೆ ನಿಂತು ಕೆಳಗಿನ ಹಾಲು ನೀಲಿಯಾಗಿಯೇ ಉಳಿದರೆ ನೆಗೆಟಿವ್. ಕೆನೆಯ ಪದರ ನೀಲಿ ಉಂಗುರವಾಗಿ, ಕೆಳಗಿನ ಹಾಲು ಬೆಳ್ಳಗಾಗಿದ್ದರೆ ಪಾಸಿಟಿವ್.

ಇದು ಹೇಗೆ ಆಗುತ್ತದೆ? ಸೋಂಕು ತಗುಲಿದ ಹಸುವಿನ ದೇಹ ಬ್ರುಸೆಲ್ಲಾ ವಿರುದ್ಧ ಪ್ರತಿಕಾಯಗಳನ್ನು, ಅಂದರೆ ರೋಗಾಣುವನ್ನು ಹಿಡಿಯುವ ಪ್ರೋಟೀನುಗಳನ್ನು, ತಯಾರಿಸುತ್ತದೆ. ಅವುಗಳಲ್ಲಿ ಒಂದಿಷ್ಟು ಹಾಲಿಗೂ ಬರುತ್ತವೆ. ಹಾಲಿನ ಪ್ರತಿಕಾಯ ಒಂದು ಕಡೆ ಜಿಡ್ಡಿನ ಕಣಕ್ಕೆ ಅಂಟಿಕೊಂಡು, ಇನ್ನೊಂದು ಕಡೆ ಆ ನೀಲಿ ಬ್ಯಾಕ್ಟೀರಿಯಾವನ್ನು ಹಿಡಿದುಕೊಳ್ಳುತ್ತದೆ. ಜಿಡ್ಡು ಮೇಲೇಳುವಾಗ ನೀಲಿಯನ್ನೂ ಎಳೆದುಕೊಂಡು ಬರುತ್ತದೆ. ಪ್ರತಿಕಾಯ ಇಲ್ಲದಿದ್ದರೆ ಜಿಡ್ಡು ಬರಿಗೈಯಲ್ಲಿ ಮೇಲೆ ಬಂದು ಬೆಳ್ಳಗೆ ನಿಲ್ಲುತ್ತದೆ.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಈ ಪರೀಕ್ಷೆ ಬ್ಯಾಕ್ಟೀರಿಯಾವನ್ನು ನೋಡುತ್ತಿಲ್ಲ, ಹಸುವಿನ ದೇಹ ಅದಕ್ಕೆ ತೋರಿದ ಪ್ರತಿಕ್ರಿಯೆಯನ್ನು ನೋಡುತ್ತಿದೆ. ಇನ್ನೊಂದು, ಉತ್ತರ ಬರುವುದು ಕೆನೆಯ ಮೂಲಕ. ಕೆನೆ ಕಟ್ಟುವುದರಲ್ಲಿ ಏರುಪೇರಾದರೆ ಉತ್ತರವೂ ಏರುಪೇರಾಗುತ್ತದೆ.

ಹಾಲನ್ನು ಜೋರಾಗಿ ಕುಲುಕಿದರೆ, ಫ್ರೀಜರಿನಲ್ಲಿ ಇಟ್ಟು ಹೆಪ್ಪುಗಟ್ಟಿಸಿದರೆ, ಬಿಸಿ ಮಾಡಿದರೆ ಜಿಡ್ಡಿನ ಕಣಗಳು ಹಾಳಾಗುತ್ತವೆ, ಉಂಗುರ ಕಟ್ಟುವುದಿಲ್ಲ. ಮೂರು ದಿನ ಮೀರಿ ಹಳೆಯದಾದ ಮಾದರಿಯೂ ಬೇಡ. ಬೈಕಿನ ಡಿಕ್ಕಿಯಲ್ಲಿ ಹಳ್ಳದ ರಸ್ತೆಯ ಮೇಲೆ ಗಡಗಡ ಎಂದು ಬಂದ ಬಾಟಲಿ, ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ಬಾಟಲಿ, ಇವುಗಳ ನೆಗೆಟಿವ್ ವರದಿಗೆ ನಾನು ಬೆಲೆ ಕೊಡುವುದಿಲ್ಲ. ಮಾದರಿ ತೆಗೆಯುವ ಮೊದಲು ಕ್ಯಾನಿನ ಹಾಲನ್ನು ಪ್ಲಂಜರಿನಿಂದ ಚೆನ್ನಾಗಿ ಕಲಕಬೇಕು. ಇಲ್ಲದಿದ್ದರೆ ಮೇಲೆ ತೇಲುವ ಕೆನೆ ಒಂದು ಬಾಟಲಿಗೆ, ತಳದ ತೆಳು ಹಾಲು ಇನ್ನೊಂದಕ್ಕೆ ಹೋಗುತ್ತದೆ. ಜಿಡ್ಡು ತೀರಾ ಕಡಿಮೆಯಿದ್ದರೆ, ರೋಗವಿಲ್ಲವೆಂದು ಖಚಿತವಾದ ಹಸುವಿನ ಕೆನೆಯನ್ನು ಸ್ವಲ್ಪ ಸೇರಿಸಿ ಪರೀಕ್ಷಿಸುವ ಕ್ರಮವೂ ಇದೆ.

ಕುರಿ, ಮೇಕೆ ಹಾಲಿಗೆ ಉಂಗುರ ಪರೀಕ್ಷೆ ನಡೆಯುವುದೇ ಇಲ್ಲ. ಅವುಗಳ ಜಿಡ್ಡಿನ ಕಣಗಳು ಹಸುವಿನ ಹಾಲಿನಲ್ಲಿ ಆಗುವಂತೆ ಗುಂಪುಗೂಡಿ ಕೆನೆ ಕಟ್ಟುವುದಿಲ್ಲ. ಮೇಕೆಯಲ್ಲಿ ಬರುವ ಬ್ರುಸೆಲ್ಲಾ ಮೆಲಿಟೆನ್ಸಿಸ್ ಮನುಷ್ಯರಿಗೆ ಇನ್ನೂ ತೀವ್ರ ಕಾಯಿಲೆ ತರುತ್ತದೆ. ಹಾಗಾಗಿ “ಹಾಲಿನ ಟೆಸ್ಟ್ ಮಾಡಿಸಿದೆ, ಏನೂ ಇಲ್ಲ” ಎಂದು ಮೇಕೆ ಹಾಲಿನ ಬಗ್ಗೆ ಯಾರಾದರೂ ಹೇಳಿದರೆ, ಯಾವ ಟೆಸ್ಟ್ ಎಂದು ಕೇಳಲೇಬೇಕು. ಎಮ್ಮೆ ಹಾಲೂ ಕೆನೆ ಕಟ್ಟುವ ರೀತಿಯಲ್ಲಿ ಹಸುವಿನ ಹಾಲಿನಂತಲ್ಲ. ಹಸುವಿನ ಹಾಲಿಗೆ ರೂಪಿಸಿದ ಪರೀಕ್ಷೆಯ ಫಲಿತಾಂಶವನ್ನು ಎಮ್ಮೆಗೆ ಯಥಾವತ್ತಾಗಿ ಅನ್ವಯಿಸಬಾರದು.

ಸುಳ್ಳು ಪಾಸಿಟಿವ್ ಇನ್ನೊಂದು ತಲೆನೋವು. ಕೆಚ್ಚಲು ಬಾವು ಬಂದ ಹಸುವಿನ ಹಾಲು, ಕರು ಹಾಕಿದ ಹೊಸತರ ಗಿಣ್ಣು ಹಾಲು, ಬತ್ತುವ ಹೊತ್ತಿನ ಕೊನೆಯ ಹಾಲು, ಇತ್ತೀಚೆಗೆ ಕಂದು ರೋಗದ ಲಸಿಕೆ ಹಾಕಿಸಿಕೊಂಡ ದೊಡ್ಡ ಹಸುವಿನ ಹಾಲು, ಇವೆಲ್ಲ ರೋಗವಿಲ್ಲದೆಯೂ ನೀಲಿ ಉಂಗುರ ತೋರಿಸಬಲ್ಲವು. ನಮ್ಮ ಮಿಶ್ರತಳಿ ಹಸುಗಳಲ್ಲಿ ಕೆಚ್ಚಲು ಬಾವು ಎಷ್ಟು ಸಾಮಾನ್ಯ ಎಂದು ಹಾಲು ಕರೆಯುವ ಯಾರನ್ನು ಕೇಳಿದರೂ ಹೇಳುತ್ತಾರೆ. ಅದಕ್ಕೇ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಕೈಪಿಡಿ ಉಂಗುರ ಪರೀಕ್ಷೆಯನ್ನು ಹಿಂಡಿನ ಒಟ್ಟು ಹಾಲಿಗೆ ಬಳಸಲು ಹೇಳುತ್ತದೆ, ಒಂಟಿ ಹಸುವಿನ ತೀರ್ಪಿಗೆ ಬೇಡ ಎನ್ನುತ್ತದೆ.

ಈ ಒಂದು ಮಾತಿನಲ್ಲಿ ಇಡೀ ವಿಷಯದ ತಿರುಳಿದೆ. ಹಾಲು ಪರೀಕ್ಷೆ “ಈ ಹಿಂಡಿನಲ್ಲಿ ಎಲ್ಲಾದರೂ ರೋಗ ಇದೆಯೇ?” ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುತ್ತದೆ. “ಈ ಗೌರಿಗೆ ರೋಗ ಇದೆಯೇ?” ಎಂಬ ಪ್ರಶ್ನೆಗೆ ಅದೇ ಪರೀಕ್ಷೆಯನ್ನು ಕೇಳಿದರೆ ತಪ್ಪು ದಾರಿಗೆ ಬೀಳುತ್ತೇವೆ. ಯಾಕೆ ಎಂದು ಒಂದು ಲೆಕ್ಕದಿಂದ ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ಯಾವುದೇ ತಾಲ್ಲೂಕಿನ ಸಮೀಕ್ಷೆಯಲ್ಲ.

ಒಂದು ಪರೀಕ್ಷೆ, ರೋಗವಿರುವ 100 ಹಸುಗಳಲ್ಲಿ 90ನ್ನು ಹಿಡಿಯುತ್ತದೆ ಎನ್ನಿ. ರೋಗವಿಲ್ಲದ 100ರಲ್ಲಿ 95ನ್ನು ಸರಿಯಾಗಿ ಬಿಟ್ಟು, 5ನ್ನು ತಪ್ಪಾಗಿ ಪಾಸಿಟಿವ್ ಎನ್ನುತ್ತದೆ. ಕೇಳಲು ಒಳ್ಳೆಯ ಪರೀಕ್ಷೆಯೇ. ಈಗ 1000 ಹಸುಗಳಲ್ಲಿ 20ಕ್ಕೆ ಮಾತ್ರ ನಿಜಕ್ಕೂ ರೋಗವಿದೆ. ಆ 20ರಲ್ಲಿ 18 ಸಿಕ್ಕಿಬೀಳುತ್ತವೆ. ಉಳಿದ 980 ಆರೋಗ್ಯವಂತ ಹಸುಗಳಲ್ಲಿ ನೂರಕ್ಕೆ 5ರಂತೆ 49 ಸುಮ್ಮನೆ ಪಾಸಿಟಿವ್ ಆಗುತ್ತವೆ. ಒಟ್ಟು ಪಾಸಿಟಿವ್ 67. ಅದರಲ್ಲಿ ನಿಜವಾದವು 18, ಅಂದರೆ ಹೆಚ್ಚೂಕಡಿಮೆ ನಾಲ್ಕರಲ್ಲಿ ಒಂದು. ಪಾಸಿಟಿವ್ ಚೀಟಿ ಹಿಡಿದು ಕಣ್ಣೀರು ಹಾಕುವ ನಾಲ್ಕು ಮನೆಗಳಲ್ಲಿ ಮೂರು ಮನೆಯ ಹಸುಗಳಿಗೆ ಏನೂ ಆಗಿಲ್ಲ!

ಅದೇ ಪರೀಕ್ಷೆಯನ್ನು 1000ದಲ್ಲಿ 200ಕ್ಕೆ ರೋಗವಿರುವ ಕಡೆ ಮಾಡಿ. 180 ಸರಿಯಾಗಿ ಸಿಗುತ್ತವೆ, 800ರಲ್ಲಿ 40 ತಪ್ಪಾಗಿ ಬರುತ್ತವೆ. 220 ಪಾಸಿಟಿವ್‌ಗಳಲ್ಲಿ 180 ನಿಜ, ಅಂದರೆ ಶೇಕಡ 80ಕ್ಕೂ ಮೇಲೆ. ಪರೀಕ್ಷೆ ಕೊಂಚವೂ ಬದಲಾಗಿಲ್ಲ, ಅದೇ ಕೊಳವೆ, ಅದೇ ನೀಲಿ. ಬದಲಾದದ್ದು ಆ ಊರಿನಲ್ಲಿ ರೋಗ ಎಷ್ಟು ಹರಡಿದೆ ಎಂಬುದು ಮಾತ್ರ. “ಈ ಟೆಸ್ಟ್ ಎಷ್ಟು ಪರ್ಸೆಂಟ್ ಕರೆಕ್ಟ್?” ಎಂದು ಕೇಳುವವರಿಗೆ ಒಂದೇ ಅಂಕಿಯಲ್ಲಿ ಉತ್ತರ ಕೊಡಲಾಗದೇ ಇರುವುದು ಇದಕ್ಕೇ. ಊರಲ್ಲಿ ಈಚೆಗೆ ಎಷ್ಟು ಹಸು ಕಂದು ಹಾಕಿವೆ, ಸಂತೆಯಿಂದ ಹೊಸ ಹಸು ಯಾರ ಮನೆಗೆ ಬಂದಿದೆ ಎಂಬುದು ವರದಿಯಷ್ಟೇ ಮುಖ್ಯ. ಅನುಭವಿ ಪಶುವೈದ್ಯರು ಚೀಟಿ ನೋಡುವ ಮೊದಲು ಇವೇ ಪ್ರಶ್ನೆಗಳನ್ನು ಕೇಳುತ್ತಾರೆ.

ಇನ್ನು “ಹಿಂಡು” ಎಂದರೆ ಏನು ಎಂಬುದಕ್ಕೆ ಬರೋಣ. ಈ ಪರೀಕ್ಷೆ ಬೆಳೆದು ಬಂದ ಯುರೋಪ್, ಅಮೆರಿಕದಲ್ಲಿ ಒಂದು ಫಾರ್ಮಿಗೆ ಒಂದು ಹಾಲಿನ ಟ್ಯಾಂಕು. ಟ್ಯಾಂಕಿನ ಹಾಲು ಪಾಸಿಟಿವ್ ಆದರೆ ಯಾರ ಬಾಗಿಲು ತಟ್ಟಬೇಕೆಂದು ಗೊತ್ತು. ನಮ್ಮಲ್ಲಿ ಮನೆಗೆ ಎರಡೋ ಮೂರೋ ಹಸು. ಹತ್ತಾರು ಮನೆಯ ಹಾಲು ಸಂಘದಲ್ಲಿ ಒಂದೇ ಕ್ಯಾನಿಗೆ ಬೀಳುತ್ತದೆ, ಕ್ಯಾನುಗಳೆಲ್ಲ ಸೇರಿ ಬಿಎಂಸಿ ಶೀತಲ ಟ್ಯಾಂಕಿಗೆ ಹೋಗುತ್ತವೆ. ಹಾಗಾಗಿ ಇಲ್ಲಿ ಊರೇ ಒಂದು ಹಿಂಡು. ರೋಗ ಹುಡುಕುವವರಿಗೆ ಇದು ನಿಜವಾಗಿ ಅನುಕೂಲ. ಹತ್ತಿಪ್ಪತ್ತು ಹಳ್ಳಿಗಳ ಮನೆಮನೆಗೆ ಹೋಗಿ ರಕ್ತ ತೆಗೆಯುವ ಬದಲು, ಹಳ್ಳಿಗೊಂದು ಬಾಟಲಿ ಹಾಲು ತಂದರೆ ಯಾವ ಹಳ್ಳಿಯ ಮೇಲೆ ಕಣ್ಣಿಡಬೇಕು ಎಂದು ತಿಳಿಯುತ್ತದೆ. ನಮ್ಮ ಸಹಕಾರಿ ಹಾಲಿನ ವ್ಯವಸ್ಥೆ ದಿನಕ್ಕೆ ಎರಡು ಸಲ ಊರಿನ ಹಾಲನ್ನೆಲ್ಲ ಒಂದೆಡೆ ತಂದು ಇಡುತ್ತದೆ. ರೋಗ ಪತ್ತೆಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಎಂದು ನನ್ನ ಗಟ್ಟಿ ನಂಬಿಕೆ.

ತೊಡಕು ಎಂದರೆ ಹಾಲು ಸೇರಿದಷ್ಟೂ ಪ್ರತಿಕಾಯ ತೆಳುವಾಗುತ್ತದೆ. ಒಂದು ಹಸುವಿನ 6 ಲೀಟರು 40 ಲೀಟರಿನ ಕ್ಯಾನಿನಲ್ಲಿ ಕಾಣಿಸೀತು, 2000 ಲೀಟರಿನ ಟ್ಯಾಂಕಿನಲ್ಲಿ ಕರಗಿಹೋದೀತು. ಅದಕ್ಕಾಗಿ ಹಿಂಡು ದೊಡ್ಡದಾದಂತೆ ಹಾಲಿನ ಪ್ರಮಾಣ ಹೆಚ್ಚಿಸುತ್ತಾರೆ: 150 ಹಸುಗಳವರೆಗೆ 1 ಮಿಲಿ, 150ರಿಂದ 450ರವರೆಗೆ 2 ಮಿಲಿ, 450ರಿಂದ 700ರವರೆಗೆ 3 ಮಿಲಿ. ನೀಲಿ ದ್ರವ ಮಾತ್ರ ಅಷ್ಟೇ. ನನ್ನ ಪ್ರಕಾರ ನಮ್ಮಲ್ಲಿ ಬಿಎಂಸಿಯ ಒಟ್ಟು ಹಾಲಿಗಿಂತ ಕ್ಯಾನು ಕ್ಯಾನಿನಿಂದ ಮಾದರಿ ತೆಗೆಯುವುದೇ ಮೇಲು. ಪಾಸಿಟಿವ್ ಬಂದಾಗ ಹಿಂದಕ್ಕೆ ಹೋಗಿ ಮನೆ ಹುಡುಕುವುದೂ ಸುಲಭವಾಗುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು, ಆದರೆ ವರದಿಯಲ್ಲಿ ಎಲ್ಲೂ ಬರೆದಿರುವುದಿಲ್ಲ. ಕ್ಯಾನು ಆವತ್ತು ಹಾಲು ಹಾಕಿದ ಹಸುಗಳ ಬಗ್ಗೆ ಮಾತ್ರ ಮಾತಾಡುತ್ತದೆ. ಬತ್ತಿಸಿದ ಹಸು ಅದರಲ್ಲಿಲ್ಲ. ಪಡ್ಡೆ ಇಲ್ಲ. ಹೋರಿ ಇಲ್ಲ. ಹಾಲನ್ನು ಹೋಟೆಲಿಗೆ ಹಾಕುವ, ಮನೆ ಬಳಕೆಗೇ ಇಟ್ಟುಕೊಳ್ಳುವ ಮನೆಯ ಹಸುಗಳಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನಿನ್ನೆ ಕಂದು ಹಾಕಿದ ಹಸು ಬಹುತೇಕ ಅದರಲ್ಲಿರುವುದಿಲ್ಲ. ರೋಗ ಹರಡುವುದರಲ್ಲಿ ಅತ್ಯಂತ ಅಪಾಯಕಾರಿ ಅದೇ. ಬಿದ್ದ ಕಂದಿನಲ್ಲಿ, ಕಸದಲ್ಲಿ, ಆಮೇಲೆ ವಾರಗಟ್ಟಲೆ ಸೋರುವ ದ್ರವದಲ್ಲಿ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇರುತ್ತದೆ. ಪಕ್ಕದ ಹಸು ಅದು ಬಿದ್ದ ಮೇವು ತಿಂದರೆ, ನೆಕ್ಕಿದರೆ ಸಾಕು. ಇನ್ನು ಕಂದು ಹಾಕುವ ಹೊತ್ತಿಗೆ ಕೆಲವು ಹಸುಗಳಲ್ಲಿ ಪ್ರತಿಕಾಯವೇ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಆವತ್ತು ರಕ್ತ ತೆಗೆದರೂ ನೆಗೆಟಿವ್ ಬರಬಹುದು, ಕೆಲವು ವಾರ ಬಿಟ್ಟು ಮತ್ತೆ ತೆಗೆಯಬೇಕಾಗುತ್ತದೆ. ರೋಗವಿರುವ ತಾಯಿಗೆ ಹುಟ್ಟಿದ ಕೆಲವು ಹೆಣ್ಣುಕರುಗಳು ಸೋಂಕನ್ನು ಒಳಗಿಟ್ಟುಕೊಂಡು, ಮೊದಲ ಗಬ್ಬದವರೆಗೂ ಯಾವ ಪರೀಕ್ಷೆಗೂ ಸಿಗದೆ ಬೆಳೆಯುವುದೂ ಉಂಟು.

ಹಾಗಾದರೆ ಒಂದು ನೆಗೆಟಿವ್‌ಗೆ ಬೆಲೆ ಏನು? ಒಂದಕ್ಕೆ ಕಡಿಮೆ, ಸಾಲಾಗಿ ಬಂದ ನೆಗೆಟಿವ್‌ಗಳಿಗೆ ಹೆಚ್ಚು. ರೋಗವಿರುವ ಊರನ್ನು ಒಂದು ಸಲಕ್ಕೆ ನೂರಕ್ಕೆ 60ರಷ್ಟು ಸಂಭವದಲ್ಲಿ ಹಿಡಿಯುವ ಪರೀಕ್ಷೆ ಇದೆ ಎನ್ನಿ. ಒಂದು ಸಲ ತಪ್ಪಿಸಿಕೊಳ್ಳುವ ಸಾಧ್ಯತೆ ನೂರಕ್ಕೆ 40. ಮೂರು ಸಲ ಮಾಡಿದರೆ ಮೂರೂ ಸಲ ತಪ್ಪಿಸಿಕೊಳ್ಳುವ ಸಾಧ್ಯತೆ ನೂರಕ್ಕೆ 6ರ ಆಸುಪಾಸು. ಸಾಧಾರಣ ಪರೀಕ್ಷೆಯೂ ಪದೇಪದೇ ಮಾಡಿದಾಗ ಬಲವಾಗುತ್ತದೆ. ಆದರೆ ಈ ಗುಣಾಕಾರಕ್ಕೆ ಒಂದು ಷರತ್ತಿದೆ: ಪ್ರತಿ ಸಲವೂ ಬೇರೆ ಬೇರೆ ಹಸುಗಳಿಗೆ ಸಿಕ್ಕಿಬೀಳುವ ಅವಕಾಶ ಇರಬೇಕು. ಒಂದೇ ವಾರದಲ್ಲಿ ಮೂರು ಸಲ ಹಾಲು ತೆಗೆದರೆ, ಬತ್ತಿದ ಹಸು ಮೂರು ಸಲವೂ ಹೊರಗೇ ಉಳಿಯುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ತೆಗೆದರೆ, ಆ ಹೊತ್ತಿಗೆ ಅದು ಕರು ಹಾಕಿ ಹಾಲಿಗೆ ಬಂದಿರುತ್ತದೆ. ರೋಗ ಓಡಿಸಿದ ದೇಶಗಳು ವರ್ಷಕ್ಕೆ ಹಲವು ಬಾರಿ, ಅಂತರ ಬಿಟ್ಟು ಟ್ಯಾಂಕಿನ ಹಾಲು ನೋಡಿದ್ದು ಈ ಕಾರಣಕ್ಕೆ.

ನೇರವಾಗಿ ಬ್ಯಾಕ್ಟೀರಿಯಾವನ್ನೇ ಹುಡುಕಬಾರದೇಕೆ ಎಂದು ಕೇಳುವವರಿದ್ದಾರೆ. ಹುಡುಕಬಹುದು. ನಾಲ್ಕೂ ಮೊಲೆಗಳಿಂದ ಹಾಲು ತೆಗೆದು, ವೇಗವಾಗಿ ತಿರುಗಿಸಿ, ಮೇಲಿನ ಕೆನೆಯನ್ನೂ ತಳದ ಗಸಿಯನ್ನೂ ಎರಡನ್ನೂ ತಟ್ಟೆಗೆ ಬಳಿದು ಬೆಳೆಸುತ್ತಾರೆ. ಬೆಳೆದರೆ ಅದಕ್ಕಿಂತ ಖಚಿತ ಸಾಕ್ಷಿ ಬೇರಿಲ್ಲ. ಆದರೆ ಬ್ರುಸೆಲ್ಲಾ ನಿಧಾನಕ್ಕೆ ಬೆಳೆಯುತ್ತದೆ, ಹಸು ಅದನ್ನು ಹಾಲಿನಲ್ಲಿ ಬಿಟ್ಟು ಬಿಟ್ಟು ಹೊರಹಾಕುತ್ತದೆ. ಈವತ್ತಿನ ಹಾಲಿನಲ್ಲಿ ಸಿಗದೇ ಇದ್ದದ್ದು ನಾಳೆ ಇರಬಹುದು. ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೇ ರೋಗ ಅಂಟಿಸುವುದರಲ್ಲಿ ಈ ಬ್ಯಾಕ್ಟೀರಿಯಾ ಕುಖ್ಯಾತ, ಆದ್ದರಿಂದ ಉನ್ನತ ಸುರಕ್ಷತೆಯ ಲ್ಯಾಬ್ ಬೇಕು. ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪಿಸಿಆರ್ ಬೇಗ ಉತ್ತರ ಕೊಡುತ್ತದೆ. ಆದರೆ ಹಾಲಿನ ಜಿಡ್ಡು ಅದಕ್ಕೆ ಅಡ್ಡಿ, ಆ ದಿನದ ಹಾಲಿನಲ್ಲಿ ಬ್ಯಾಕ್ಟೀರಿಯಾ ಇಲ್ಲದಿದ್ದರೆ ಅದೂ ಕೈಚೆಲ್ಲುತ್ತದೆ. ಪ್ರತಿಕಾಯ ಹಾಗಲ್ಲ, ಅಷ್ಟು ಬೇಗ ಬಂದು ಹೋಗುವುದಿಲ್ಲ. ಹಾಗಾಗಿಯೇ ಊರು ಊರು ಸಮೀಕ್ಷೆಗೆ ಪ್ರತಿಕಾಯ ನೋಡುವ ಪರೀಕ್ಷೆಗಳೇ ಮುಂದೆ.

ಅವುಗಳಲ್ಲಿ ಉಂಗುರ ಪರೀಕ್ಷೆಗಿಂತ ಸೂಕ್ಷ್ಮವಾದದ್ದು ಹಾಲಿನ ಎಲೈಸಾ. ಕೆನೆಯ ಹಂಗಿಲ್ಲದ ಕಾರಣ ಅರ್ಧದಷ್ಟು ತೊಡಕು ಅಲ್ಲೇ ಕಳೆಯುತ್ತದೆ. ಫಲಿತಾಂಶವನ್ನು ಕಣ್ಣಳತೆಯಲ್ಲಿ ನೋಡದೆ ಯಂತ್ರ ಅಂಕಿಯಲ್ಲಿ ಕೊಡುತ್ತದೆ. ಹೆಚ್ಚು ಮನೆಗಳ ಹಾಲು ಬೆರೆತಿದ್ದರೂ ಹಿಡಿಯುತ್ತದೆ. ಬೆಂಗಳೂರಿನ ಯಲಹಂಕದಲ್ಲಿರುವ, ಜಾನುವಾರು ರೋಗಗಳ ಸಮೀಕ್ಷೆಯನ್ನೇ ಕಸುಬಾಗಿ ಮಾಡಿಕೊಂಡ ಐಸಿಎಆರ್‌ನ ನಿವೇದಿ ಸಂಸ್ಥೆ ಬ್ರುಸೆಲ್ಲೋಸಿಸ್‌ಗೆ ಎಲೈಸಾ ಕಿಟ್‌ಗಳನ್ನು ರೂಪಿಸಿದೆ. ಕಿಟ್ಟು, ಯಂತ್ರ, ತರಬೇತಿ ಪಡೆದವರು ಬೇಕಾದ್ದರಿಂದ ಇದು ಸಂಘದ ಕಟ್ಟಡದಲ್ಲಿ ಆಗುವ ಕೆಲಸವಲ್ಲ. ಮತ್ತೆ, ಎಷ್ಟೇ ಸೂಕ್ಷ್ಮವಾದರೂ ಕ್ಯಾನಿನಲ್ಲಿ ಇಲ್ಲದ ಹಸುವನ್ನು ಎಲೈಸಾ ಕೂಡ ಕಾಣಲಾರದು.

ಕ್ಯಾನು ಪಾಸಿಟಿವ್ ಆದ ಊರಿನಲ್ಲಿ ಮುಂದೇನು? ಅಲ್ಲಿಂದ ರಕ್ತಕ್ಕೆ ಹೋಗಬೇಕು. ರೋಸ್ ಬೆಂಗಾಲ್ ಪರೀಕ್ಷೆಯಲ್ಲಿ ಒಂದು ಹನಿ ರಕ್ತಸಾರ, ಒಂದು ಹನಿ ಗುಲಾಬಿ ಬಣ್ಣದ ಆಂಟಿಜೆನ್ (ಬಣ್ಣ ಹಿಡಿಸಿದ ಸತ್ತ ಬ್ರುಸೆಲ್ಲಾ) ಬೆರೆಸಿ, ತಟ್ಟೆಯನ್ನು 4 ನಿಮಿಷ ಅಲುಗಾಡಿಸಿದರೆ ಹರಳು ಹರಳಾಗಿ ಕಟ್ಟುತ್ತದೋ ಇಲ್ಲವೋ ತಿಳಿಯುತ್ತದೆ. ಅದರಲ್ಲೂ ಪಾಸಿಟಿವ್ ಬಂದದ್ದನ್ನು ರಕ್ತದ ಎಲೈಸಾದಿಂದ ಖಚಿತಪಡಿಸಿಕೊಳ್ಳಬೇಕು. ಯೆರ್ಸೀನಿಯಾ ಎಂಬ ಬೇರೆಯೇ ಬ್ಯಾಕ್ಟೀರಿಯಾದ ಒಂದು ಬಗೆಯ ಹೊರಕವಚ ಬ್ರುಸೆಲ್ಲಾವನ್ನೇ ಹೋಲುವುದರಿಂದ ರಕ್ತ ಪರೀಕ್ಷೆಯೂ ಕೆಲವೊಮ್ಮೆ ಎಡವುತ್ತದೆ. ಹಾಲು ಊರನ್ನು ತೋರಿಸಬೇಕು, ರಕ್ತ ಹಸುವನ್ನು ತೋರಿಸಬೇಕು. ಈ ಕ್ರಮ ತಪ್ಪಿಸಿ, ಕ್ಯಾನಿನ ಫಲಿತಾಂಶ ಹಿಡಿದು ಯಾರದೋ ಮನೆಯ ಹಾಲು ನಿಲ್ಲಿಸುವುದು ಅನ್ಯಾಯ.

ಆಸ್ಟ್ರೇಲಿಯಾ 1989ರಲ್ಲಿ ದನಗಳ ಬ್ರುಸೆಲ್ಲೋಸಿಸ್‌ನಿಂದ ಮುಕ್ತವಾಯಿತು. ಅಲ್ಲಿ, ಅಮೆರಿಕದಲ್ಲಿ, ಯುರೋಪಿನಲ್ಲಿ ಪಾಸಿಟಿವ್ ಆದ ದನಗಳನ್ನು ಪರಿಹಾರ ಕೊಟ್ಟು ಕಡಿದುಹಾಕಿದರು. ನಮ್ಮಲ್ಲಿ ಆ ದಾರಿ ಇಲ್ಲ. ಕರ್ನಾಟಕದಲ್ಲಿ 2020ರ ಗೋಹತ್ಯೆ ತಡೆ ಕಾನೂನು ಇದೆ, ಅದಕ್ಕೂ ಮೊದಲು ಜನರ ಮನಸ್ಸಿದೆ. ಹಾಗಿರುವಾಗ ಪಾಸಿಟಿವ್ ಆದ ಹಸುವಿಗೆ ಏನಾಗುತ್ತದೆ? ಬಡ ಮನೆಯವರು ಅದನ್ನು ಸಂತೆಗೆ ಹೊಡೆದುಕೊಂಡು ಹೋಗುತ್ತಾರೆ. ಇನ್ನೊಂದು ಊರಿನವರು ಹಾಲು ನೋಡಿ ಕೊಂಡೊಯ್ಯುತ್ತಾರೆ. ಮುಂದಿನ ಯೋಜನೆಯಿಲ್ಲದೆ ಮಾಡಿದ ಪರೀಕ್ಷೆ ರೋಗವನ್ನು ಊರಿಂದ ಊರಿಗೆ ದಾಟಿಸುತ್ತದೆ. ಪರೀಕ್ಷೆ ಮಾಡುವವರು ಅದರ ಜೊತೆಗೇ ಆ ಮನೆಗೆ ಏನು ಮಾಡಬೇಕೆಂಬ ದಾರಿಯನ್ನೂ ಒಯ್ಯಬೇಕು: ಆ ಹಸುವನ್ನು ಬೇರೆ ಕಟ್ಟುವುದು, ಮುಂದೆ ಕರು ಹಾಕುವಾಗ ಮಿಕ್ಕವುಗಳಿಂದ ದೂರ ಇಡುವುದು, ಕಂದು ಕಸ ಏನೇ ಬಿದ್ದರೂ ಕೈಗವಸು ಹಾಕಿಕೊಂಡು ಸುಣ್ಣ ಸುರಿದು ಆಳಕ್ಕೆ ಹೂಳುವುದು, ನಾಯಿ ಎಳೆದುಕೊಂಡು ಹೋಗಲು ಬಿಡದಿರುವುದು, ಹಾಲನ್ನು ಉಕ್ಕಿಸಿಯೇ ಬಳಸುವುದು, ಮನೆಯಲ್ಲಿ ಯಾರಿಗಾದರೂ ಬಿಡದ ಜ್ವರವಿದ್ದರೆ “ನಮ್ಮ ಹಸು ಕಂದು ಹಾಕಿತ್ತು” ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳುವುದು. ಅದೊಂದು ಮಾತು ಸಿಕ್ಕರೆ ಡಾಕ್ಟರು ಸರಿಯಾದ ರಕ್ತ ಪರೀಕ್ಷೆ ಬರೆಯುತ್ತಾರೆ. ಔಷಧಿ ಇದೆ, ಆದರೆ ಕನಿಷ್ಠ 6 ವಾರ ಎರಡು ಬಗೆಯ ಆಂಟಿಬಯಾಟಿಕ್ ಬಿಡದೆ ತೆಗೆದುಕೊಳ್ಳಬೇಕು.

ಕಡಿಯುವ ದಾರಿ ಇಲ್ಲದ ಕಡೆ ಉಳಿಯುವುದು ಲಸಿಕೆ. 2019ರಲ್ಲಿ ಕಾಲುಬಾಯಿ ರೋಗದ ಜೊತೆ ಕಂದು ರೋಗಕ್ಕೂ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಜೀವನದಲ್ಲಿ ಒಂದೇ ಸಲ ಎಸ್19 ಎಂಬ ಲಸಿಕೆ. ಈ ಲಸಿಕೆಯ ಮೂಲವೂ ಹಾಲೇ. 1923ರಲ್ಲಿ ಅಮೆರಿಕದ ಜಾನ್ ಬಕ್ ಒಂದು ಜೆರ್ಸಿ ಹಸುವಿನ ಹಾಲಿನಿಂದ ಬ್ರುಸೆಲ್ಲಾ ಬೇರ್ಪಡಿಸಿದರು. ಅದನ್ನು ಬೆಳೆಸಿದ ಕೊಳವೆ ವರ್ಷಕ್ಕೂ ಮೇಲೆ ಕೋಣೆಯ ಶಾಖದಲ್ಲೇ ಉಳಿದು, ಬ್ಯಾಕ್ಟೀರಿಯಾ ತನ್ನ ಉಗ್ರತೆ ಕಳೆದುಕೊಂಡಿತು. ರೋಗ ತರದೆ ರಕ್ಷಣೆ ಕೊಡುವ ಗುಣ ಮಾತ್ರ ಉಳಿಯಿತು. ಅದು ಜೀವಂತ ಲಸಿಕೆಯಾದ್ದರಿಂದ ಚುಚ್ಚುವವರ ಕೈಗೆ ಸೂಜಿ ತಗುಲಿದರೆ ಮನುಷ್ಯರಿಗೆ ರೋಗ ಬರಬಹುದು.

ಲಸಿಕೆಗೂ ಹಾಲು ಪರೀಕ್ಷೆಗೂ ಇಲ್ಲಿ ನೇರ ಸಂಬಂಧವಿದೆ. ಎಸ್19 ಹಾಕಿಸಿಕೊಂಡ ದನದಲ್ಲಿ ಹುಟ್ಟುವ ಪ್ರತಿಕಾಯ, ರೋಗ ಬಂದ ದನದ ಪ್ರತಿಕಾಯದಂತೆಯೇ ಇರುತ್ತದೆ. ಉಂಗುರಕ್ಕಾಗಲಿ ರೋಸ್ ಬೆಂಗಾಲ್‌ಗಾಗಲಿ ಎರಡಕ್ಕೂ ವ್ಯತ್ಯಾಸ ತಿಳಿಯದು. ಎಳೆಗರುವಿನಲ್ಲಿ ಹಾಕಿಸಿದರೆ, ಅದು ಬೆಳೆದು ಹಾಲಿಗೆ ಬರುವ ಹೊತ್ತಿಗೆ ಆ ಪ್ರತಿಕಾಯ ಬಹುಪಾಲು ಇಳಿದಿರುತ್ತದೆ. 4ರಿಂದ 8 ತಿಂಗಳು ಎಂಬ ಗಡಿ ಇಟ್ಟಿರುವುದಕ್ಕೆ ಇದೂ ಒಂದು ಕಾರಣ. ಆ ವಯಸ್ಸು ದಾಟಿದ ಪಡ್ಡೆಗೆ, ದೊಡ್ಡ ಹಸುವಿಗೆ “ಒಂದು ಇರಲಿ” ಎಂದು ಹಾಕಿಸಿದರೆ ಮುಂದೆ ಬಹುಕಾಲ ಅದರ ಹಾಲೂ ರಕ್ತವೂ ಸುಳ್ಳು ಹೇಳಬಹುದು. ಗಬ್ಬದ ಹಸುವಾದರೆ ಲಸಿಕೆಯಿಂದಲೇ ಕಂದು ಬೀಳುವ ಅಪಾಯವಿದೆ. ಹೋರಿಕರುವಿಗೆ ಹಾಕಲೇಬಾರದು.

ಆದ್ದರಿಂದ ಕರುವಿಗೆ ಲಸಿಕೆ ಹಾಕಿದ ದಿನ, ಕಿವಿಯ ಹಳದಿ ಓಲೆಯ ಮೇಲಿರುವ 12 ಅಂಕಿಗಳ ಸಂಖ್ಯೆಯ ಎದುರು ತಾರೀಖನ್ನು ಇಲಾಖೆಯವರು ತಮ್ಮ ದಾಖಲೆಯಲ್ಲಿ ಬರೆಯುವಂತೆ ನೋಡಿಕೊಳ್ಳಿ, ಮನೆಯ ಪುಸ್ತಕದಲ್ಲೂ ಬರೆದಿಡಿ. ಆ ಕರು ಮುಂದೆ ಹಸುವಾಗಿ, ಊರಿನ ಕ್ಯಾನು ಯಾವತ್ತಾದರೂ ನೀಲಿ ಉಂಗುರ ತೋರಿಸಿ, ಅದರ ರಕ್ತ ಪಾಸಿಟಿವ್ ಬಂದ ದಿನ, ವೈದ್ಯರು ಮೊದಲು ಕೇಳುವುದು ಆ ತಾರೀಖನ್ನೇ.